ಮತಗಳ ಲೆಕ್ಕ, ಸಂಶೋಧಕಿಯರ ಪ್ರಶ್ನೆ

ಈ ಸಲದ ಪ್ರಶ್ನೆಗಳೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದವು. ಚುನಾವಣೆ, ಪಂಚಾಯ್ತಿ, ಮತದಾರರ ನಡವಳಿಕೆಗಳನ್ನು ಅಂಕಿ-ಅಂಶಗಳ ಮೂಲಕ ಅಧ್ಯಯನ ಮಾಡುವ ಹೆಣ್ಣುಮಕ್ಕಳು, ಅವರ ಮಾರ್ಗದರ್ಶಕರು ಮತ್ತು ಮನೆಯವರು ಇವನ್ನು ಕೇಳಿದ್ದಾರೆ. ರಾಜ್ಯಶಾಸ್ತ್ರ, ಸಂಖ್ಯಾಶಾಸ್ತ್ರ ಎರಡನ್ನೂ ಬಲ್ಲ ನಮ್ಮ ಬಳಗ ಉತ್ತರಿಸಿದೆ.

ಪ್ರಶ್ನೆ: ಎಂ.ಎ. ವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಎಸ್ಸೆಸ್ಸೆಲ್ಸಿ ಬಳಿಕ ಗಣಿತ ಮುಟ್ಟಿಲ್ಲ. ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಸೇರಿದ್ದೇನೆ. ‘ಲೆಕ್ಕದ ಕೆಲಸ ನಿನಗೆ ಆಗದು, ಸಂದರ್ಶನ ಮಾಡಿ ಬರೆದುಬಿಡು’ ಎನ್ನುತ್ತಾರೆ. ಕಲಿಯಲು ಎಷ್ಟು ಕಾಲ ಬೇಕು? ಎಲ್ಲಿಂದ ಶುರು ಮಾಡಲಿ? — ಸಂಶೋಧನಾ ವಿದ್ಯಾರ್ಥಿನಿ, ವಿಜಯಪುರ

ವಾರಕ್ಕೆ ಆರು ತಾಸಿನಂತೆ ಆರು ತಿಂಗಳು ಕೂತರೆ ಪ್ರಬಂಧಕ್ಕೆ ಸಾಲುವಷ್ಟು ಬರುತ್ತದೆ. ಬೇಕಾದ ಗಣಿತ ಕಡಿಮೆ: ಶೇಕಡಾವಾರು, ಸರಾಸರಿ, ರೇಖೆಯ ಇಳಿಜಾರು, ಘಾತ ಮತ್ತು ಲಾಗರಿದಮ್, ಸಂಭವನೀಯತೆ. ಲಾಗರಿದಮ್‌ಗೆ ಪಿಯುಸಿ ಪುಸ್ತಕ ತೆರೆಯಬೇಕು. ಸಂಖ್ಯಾಶಾಸ್ತ್ರ, ಸಂಭವನೀಯತೆಗಳಿಗೆ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಪಠ್ಯದಲ್ಲೇ ಪೂರ್ಣ ಅಧ್ಯಾಯಗಳಿವೆ. ಅವುಗಳ ಲೆಕ್ಕಗಳನ್ನು ಪೆನ್ನು-ಕಾಗದದಲ್ಲಿ ಮಾಡಿ ಮುಗಿಸಿ. ಇದಕ್ಕೆ ಒಂದು ತಿಂಗಳು ಸಾಕು.

ಎರಡನೇ ತಿಂಗಳು ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಮತ್ತು ಅದನ್ನು ಬಳಸಲು ನೆರವಾಗುವ ‘ಆರ್‌ಸ್ಟುಡಿಯೊ’ ಹಾಕಿಕೊಳ್ಳಿ. ಎರಡೂ ಉಚಿತ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಆದರೆ ಕೆಲವು ಸಾವಿರ ಸಾಲುಗಳ ದತ್ತಾಂಶಕ್ಕೆ 4 ಜಿಬಿಯ ಹಳೆಯ ಯಂತ್ರವೂ ನಡೆಯುತ್ತದೆ. ಹತ್ತಾರು ದತ್ತಾಂಶ ಇಳಿಸಿಕೊಳ್ಳಬೇಡಿ. ನಿಮ್ಮ ಜಿಲ್ಲೆಯ ಒಂದು ಚುನಾವಣೆಯ ಫಲಿತಾಂಶ ತೆಗೆದುಕೊಂಡು ತಿಂಗಳೆಲ್ಲ ಅದರೊಂದಿಗೇ ಇರಿ: ಸಾಲು ಆರಿಸುವುದು, ಗುಂಪು ಮಾಡುವುದು, ಎರಡು ಕೋಷ್ಟಕ ಜೋಡಿಸುವುದು, ಚಿತ್ರ ಬಿಡಿಸುವುದು. ಮೂರನೇ ತಿಂಗಳು ಮಾದರಿ ಆಯ್ಕೆಯ (ಸ್ಯಾಂಪ್ಲಿಂಗ್‌ನ) ಏರಿಳಿತವನ್ನು ಯಂತ್ರದಲ್ಲೇ ಆಡಿಸಿ ನೋಡಿ. ಶೇ 40 ಮಂದಿ ‘ಹೌದು’ ಎನ್ನುವ ಒಂದು ಕಾಲ್ಪನಿಕ ಊರು ಕಟ್ಟಿ. ಅದರಿಂದ 100 ಮಂದಿಯನ್ನು ಸಾವಿರ ಬಾರಿ ಆರಿಸಿ. ಪ್ರತಿ ಬಾರಿಯ ಉತ್ತರ ಎಷ್ಟು ಅಲುಗಾಡುತ್ತದೆ ಎಂದು ಕಣ್ಣಾರೆ ಕಂಡವರಿಗೆ ‘ಪಿ-ಮೌಲ್ಯ’ (ಕಂಡಷ್ಟು ಅಂತರ ಬರೀ ಆಕಸ್ಮಿಕವಾಗಿಯೂ ಬರಬಹುದಾದ ಸಂಭವ) ಮಂತ್ರದಂತೆ ಕಾಣುವುದಿಲ್ಲ. ನಾಲ್ಕು ಮತ್ತು ಐದನೇ ತಿಂಗಳು ಸರಳ ಹಿಂಚಲನೆ, ಅಂದರೆ ರಿಗ್ರೆಶನ್ (ಒಂದು ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ), ಬಳಿಕ ಲಾಜಿಟ್ (ಗೆಲುವು-ಸೋಲಿನಂಥ ಎರಡೇ ಫಲಿತಗಳಿಗೆ ಬಳಸುವ ರಿಗ್ರೆಶನ್). ಆರನೆಯದರಲ್ಲಿ ಪ್ರಕಟಿತ ಲೇಖನವೊಂದರ ದತ್ತಾಂಶ ಇಳಿಸಿಕೊಂಡು ಅದರ ಮೊದಲ ಕೋಷ್ಟಕವನ್ನು ಹಾಗೇ ಮರಳಿ ಪಡೆಯಿರಿ. ಇದು ನಿಮಗೆ ನೀವೇ ಇಟ್ಟುಕೊಳ್ಳುವ ಪರೀಕ್ಷೆ. ಉಳಿದವರ ಪ್ರಮಾಣಪತ್ರಕ್ಕಿಂತ ಇದನ್ನು ನಂಬಬಹುದು.

ಕನ್ನಡ ದತ್ತಾಂಶದಲ್ಲಿ ಕೆಲವು ತೊಡಕುಗಳು ಕಾಯಂ. ಹಳೆಯ ಕಚೇರಿ ಕಡತಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಿಂದಿನ ಅಕ್ಷರ ಸಂಕೇತದಲ್ಲಿರುತ್ತವೆ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಆರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳೇ ಬರುತ್ತವೆ. ಎಕ್ಸೆಲ್‌ನಿಂದ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಆರಿಸಿ, ಬರೀ ಸಿಎಸ್‌ವಿ ಎಂದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. 2/1, 3-4 ಎಂಬಂಥ ಮನೆ ಸಂಖ್ಯೆಗಳನ್ನು ಎಕ್ಸೆಲ್ ಕೇಳದೆಯೇ ದಿನಾಂಕ ಮಾಡಿಬಿಡುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಿ. ಒಮ್ಮೆ ದಿನಾಂಕವಾಗಿ ಉಳಿದರೆ ಮೂಲ ಸಂಖ್ಯೆ ಮರಳಿ ಬಾರದು.

‘ನಿನಗೆ ಆಗದು’ ಎಂದವರ ಮಾತು ನಮಗೆ ನೋವು ತಂದಿತು. ಸಂದರ್ಶನ ಆಧರಿಸಿದ ಸಂಶೋಧನೆ ಕೀಳಲ್ಲ, ಸುಲಭವೂ ಅಲ್ಲ. ಆದರೆ ವಿಧಾನವನ್ನು ಆರಿಸಬೇಕಾದದ್ದು ನಿಮ್ಮ ಸಂಶೋಧನಾ ಪ್ರಶ್ನೆ. ನೀವು ಹೆಣ್ಣು ಎಂಬ ಕಾರಣಕ್ಕೆ ಅದನ್ನು ಮತ್ತೊಬ್ಬರು ಆರಿಸಿಕೊಡಬಾರದು.

ಪ್ರಶ್ನೆ: ನಮ್ಮ ಮೂರು ಜಿಲ್ಲೆಗಳಲ್ಲಿ ಮಹಿಳಾ ಅಭ್ಯರ್ಥಿಗಳು ಏಕೆ ಸೋಲುತ್ತಾರೆ ಎಂಬುದು ನನ್ನ ವಿಷಯ. ವಿಧಾನಸಭೆ ಫಲಿತಾಂಶಗಳ ಮೇಲೆ ರಿಗ್ರೆಶನ್ ಮಾಡಿದೆ. ‘ಹೆಣ್ಣು ಎಂಬುದರಿಂದಲೇ ಮತ ಭಾರಿ ಕಡಿಮೆ’ ಎಂದು ಬಂತು. ಮಾರ್ಗದರ್ಶಕರು ನಂಬುತ್ತಿಲ್ಲ. — ಸಂಶೋಧಕಿ, ಬೆಳಗಾವಿ

ನಂಬದಿರುವುದು ಸರಿ, ಆದರೆ ಏಕೆ ಎಂದು ನಿಮಗೆ ಹೇಳಿಕೊಡಬೇಕಿತ್ತು. ನಾವು ಹೇಳುತ್ತೇವೆ.

ಮೊದಲು ಅನುಕೂಲದ ಮಾತು. 2008ರಿಂದ ಜಾರಿಯಲ್ಲಿರುವ ಕ್ಷೇತ್ರ ವಿಂಗಡಣೆಯಲ್ಲಿ ರಾಜ್ಯದ ಕ್ರಮಸಂಖ್ಯೆ 1ರಿಂದ 33ರವರೆಗೆ ಇರುವುದು ಈ ಮೂರು ಜಿಲ್ಲೆಗಳ ಕ್ಷೇತ್ರಗಳೇ: ನಿಪ್ಪಾಣಿಯಿಂದ ಆರಂಭವಾಗಿ ಬೆಳಗಾವಿಯ 18, ಮುಧೋಳದಿಂದ ಹುನಗುಂದದವರೆಗೆ ಬಾಗಲಕೋಟೆಯ 7, ಮುದ್ದೇಬಿಹಾಳದಿಂದ ಸಿಂದಗಿಯವರೆಗೆ ವಿಜಯಪುರದ 8. ಹಾಗಾಗಿ ಕೋಷ್ಟಕಗಳನ್ನು ಹೆಸರಿನಿಂದ ಜೋಡಿಸಬೇಡಿ, ಕ್ರಮಸಂಖ್ಯೆ ಮತ್ತು ವರ್ಷದಿಂದ ಜೋಡಿಸಿ. ಬೆಲ್ಗಾಮ್-ಬೆಳಗಾವಿ, ಬಿಜಾಪುರ-ವಿಜಯಪುರ ಎಂದು ಒಂದೇ ಊರು ಎರಡು ರೂಪದಲ್ಲಿ ಸಿಗುವುದರಿಂದ ಹೆಸರಿನಿಂದ ಜೋಡಿಸಿದವರ ಸಾಲುಗಳು ಸದ್ದಿಲ್ಲದೆ ಉದುರಿಹೋಗುತ್ತವೆ. 2004ರವರೆಗಿನ ಕ್ರಮಸಂಖ್ಯೆ ಮಾತ್ರ ಬೇರೆ. ಆಗಿನ ಗುಳೇದಗುಡ್ಡ, ತಿಕೋಟಾ ಕ್ಷೇತ್ರಗಳು ಈಗಿಲ್ಲ, ಈಗಿನ ತೇರದಾಳ, ಬಬಲೇಶ್ವರ ಆಗಿರಲಿಲ್ಲ. 2004 ಮತ್ತು 2008ನ್ನು ಒಂದೇ ಸರಣಿಯಾಗಿ ಹೊಲಿಯಬೇಡಿ.

ಈಗ ನಿಮ್ಮ ಫಲಿತಾಂಶ. ಅಭ್ಯರ್ಥಿಗಳ ಪಟ್ಟಿಯಲ್ಲಿ ಪಕ್ಷೇತರರು ತುಂಬಿರುತ್ತಾರೆ. ಅವರಲ್ಲಿ ಬಹುತೇಕರು, ಗಂಡಸರಾಗಲಿ ಹೆಂಗಸರಾಗಲಿ, ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಭಾಗ ಮತದ ಹತ್ತಿರಕ್ಕೂ ಬರುವುದಿಲ್ಲ. ದೊಡ್ಡ ಪಕ್ಷಗಳು ಹೆಣ್ಣುಮಕ್ಕಳಿಗೆ ಟಿಕೆಟ್ ಕೊಡುವುದೇ ಅಪರೂಪ. ಹೀಗಾಗಿ ಪಟ್ಟಿಯಲ್ಲಿರುವ ಹೆಂಗಸರಲ್ಲಿ ಪಕ್ಷೇತರರ ಪಾಲು ಹೆಚ್ಚಾದರೆ ಸರಾಸರಿ ಮತ ತಾನಾಗಿಯೇ ಕುಸಿಯುತ್ತದೆ. ನಿಮ್ಮ ಸಂಖ್ಯೆ ತೋರಿಸುತ್ತಿರುವುದು ಮತದಾರರ ಮನಸ್ಸನ್ನಲ್ಲ, ಟಿಕೆಟ್ ಹಂಚುವವರ ಮನಸ್ಸನ್ನು. ಒಂದೇ ಪಕ್ಷದೊಳಗೆ, ಅದೇ ಕ್ಷೇತ್ರದಲ್ಲಿ, ಆ ಪಕ್ಷ ಹಿಂದಿನ ಬಾರಿ ಪಡೆದ ಪಾಲನ್ನು ಲೆಕ್ಕಕ್ಕಿಟ್ಟು ಹೋಲಿಸಿ ನೋಡಿ. ಅಂತರ ಕುಗ್ಗುವ ಸಾಧ್ಯತೆ ಹೆಚ್ಚು, ಮತ್ತು ಉಳಿದ ಅಂತರದ ಬಗ್ಗೆ ಮಾತ್ರ ನೀವು ಏನಾದರೂ ಹೇಳಬಹುದು.

ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರದ ‘ಲೋಕ್ ಢಾಬಾ’ ದತ್ತಾಂಶದಲ್ಲಿ ಅಭ್ಯರ್ಥಿಗಳ ಲಿಂಗದ ಕಾಲಂ ಇದೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಅದನ್ನು ಬಳಸುವಾಗ ‘ನೋಟಾ’ವನ್ನು ತೆಗೆದುಹಾಕಿ. ಅದೂ ಒಬ್ಬ ಅಭ್ಯರ್ಥಿಯಂತೆ ಸಾಲಿನಲ್ಲಿ ನಿಂತಿರುತ್ತದೆ. 2013ರ ಮೇ ಚುನಾವಣೆಯಲ್ಲಿ ನೋಟಾ ಇರಲಿಲ್ಲ, 2018ರಲ್ಲಿ ಇತ್ತು. ತೆಗೆಯದಿದ್ದರೆ 2018ರಲ್ಲಿ ಪ್ರತಿ ಕ್ಷೇತ್ರಕ್ಕೂ ಒಬ್ಬ ಅಭ್ಯರ್ಥಿ ಸುಮ್ಮನೆ ಹೆಚ್ಚಾಗುತ್ತಾನೆ. ಉಪಚುನಾವಣೆಗಳನ್ನು ಪ್ರತ್ಯೇಕಿಸಿ, ಉದಾಹರಣೆಗೆ 2018ರ ನವೆಂಬರಿನ ಜಮಖಂಡಿ, 2019ರ ಡಿಸೆಂಬರಿನ ಗೋಕಾಕ, ಅಥಣಿ, ಕಾಗವಾಡ, 2021ರ ಸಿಂದಗಿ. 2013ರಲ್ಲಿ ಬಿಜೆಪಿಯಿಂದ ಸಿಡಿದ ಕೆಜೆಪಿ, ಬಿಎಸ್‌ಆರ್ ಕಾಂಗ್ರೆಸ್ ಬೇರೆಯಾಗಿ ನಿಂತದ್ದರಿಂದ ಬಿಜೆಪಿಯ ಆ ವರ್ಷದ ಪಾಲನ್ನು ‘ಹಿಂದಿನ ಬಲ’ ಎಂದು ಹಾಗೇ ಬಳಸಿದರೆ 2018ರ ಅಭ್ಯರ್ಥಿಗಳೆಲ್ಲ ಶೂರರಾಗಿ ಕಾಣುತ್ತಾರೆ.

ಇನ್ನು ಸಂಖ್ಯೆಯ ಬಡತನ. 2023ರಲ್ಲಿ ಈ 33 ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು ಇಬ್ಬರು, ನಿಪ್ಪಾಣಿ ಮತ್ತು ಬೆಳಗಾವಿ ಗ್ರಾಮೀಣದಲ್ಲಿ. ಎರಡು ಗೆಲುವಿನ ಮೇಲೆ ಐದು ಚಲಕಗಳ (ಪಕ್ಷ, ವಯಸ್ಸಿನಂಥ ಬದಲಾಗುವ ಅಂಶಗಳ) ಲಾಜಿಟ್ ನಿಲ್ಲದು. ಯಂತ್ರ ಉತ್ತರ ಕೊಡುತ್ತದೆ, ಆದರೆ ಆ ಉತ್ತರ ಒಬ್ಬ ಅಭ್ಯರ್ಥಿಯನ್ನು ತೆಗೆದರೆ ತಲೆಕೆಳಗಾಗುತ್ತದೆ. 2008ರಿಂದ 2023ರವರೆಗಿನ ನಾಲ್ಕು ಚುನಾವಣೆ ಸೇರಿಸಿದರೆ 132 ಸ್ಪರ್ಧೆಗಳಾಗುತ್ತವೆ, ಆದರೂ ಕ್ಷೇತ್ರಗಳು ಅವೇ 33. ಪ್ರಮಾಣ ದೋಷವನ್ನು (ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆಯನ್ನು) ಕ್ಷೇತ್ರವಾರು ಗುಂಪು ಮಾಡಿ ಲೆಕ್ಕಿಸಿ. ಗುಂಪುಗಳು ಇಷ್ಟು ಕಡಿಮೆ ಇದ್ದಾಗ ದೋಷ ಕಡಿಮೆ ಎಂದು ತೋರುವ ಅಪಾಯವಿರುವುದರಿಂದ ‘ವೈಲ್ಡ್ ಕ್ಲಸ್ಟರ್ ಬೂಟ್‌ಸ್ಟ್ರ್ಯಾಪ್’ ಎಂಬ, ಕಡಿಮೆ ಗುಂಪುಗಳಿಗೆ ಹೊಂದುವ ವಿಧಾನದಿಂದಲೂ ಪರೀಕ್ಷಿಸಿ. ಗೆಲುವು-ಸೋಲಿನ ಬದಲು ಮತದ ಪಾಲನ್ನು ಫಲಿತವಾಗಿ ತೆಗೆದುಕೊಳ್ಳಿ.

ನಿಮ್ಮ ನಿಜವಾದ ಆಸಕ್ತಿ ಹೆಣ್ಣುಮಕ್ಕಳ ಅಧಿಕಾರದ ಬಗ್ಗೆ ಎಂದಾದರೆ ಗ್ರಾಮ ಪಂಚಾಯ್ತಿಗಳ ಕಡೆ ನೋಡಿ ಎಂಬುದು ನಮ್ಮ ಸಲಹೆ. 2010ರ ತಿದ್ದುಪಡಿಯ ಬಳಿಕ ಕರ್ನಾಟಕದಲ್ಲಿ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು. ಅಲ್ಲಿ ಸಂಖ್ಯೆಗೆ ಬರವಿಲ್ಲ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರಗಳ ಪಂಚಾಯ್ತಿಗಳಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದವನ್ನೂ ಆಗದವನ್ನೂ ಹೋಲಿಸಿತ್ತು. ಮಹಿಳಾ ಮೀಸಲು ಇದ್ದ ಕಡೆ ಕುಡಿಯುವ ನೀರಿನ ಮೇಲಿನ ಖರ್ಚು ಹೆಚ್ಚಿತ್ತು. ಅಲ್ಲಿ ಮೀಸಲು ಕ್ರಮಸಂಖ್ಯೆಯ ಪಟ್ಟಿಯಿಂದ ಬಿದ್ದದ್ದು, ಚೀಟಿ ಎತ್ತಿದಷ್ಟೇ ನಿಷ್ಪಕ್ಷ. ನಮ್ಮಲ್ಲೂ ಹಾಗೇ ಎಂದು ಮೊದಲೇ ಒಪ್ಪಿಕೊಳ್ಳಬೇಡಿ: ಜನಸಂಖ್ಯೆ, ಪರಿಶಿಷ್ಟರ ಪ್ರಮಾಣ, ಸಾಕ್ಷರತೆ, ತಾಲೂಕು ಕೇಂದ್ರದಿಂದ ದೂರ, ಇವು 2011ರ ಜನಗಣತಿಯಲ್ಲಿ ಮೀಸಲು ಇದ್ದ ಮತ್ತು ಇಲ್ಲದ ಪಂಚಾಯ್ತಿಗಳಲ್ಲಿ ಒಂದೇ ರೀತಿ ಇವೆಯೇ ಎಂದು ಕೋಷ್ಟಕ ಹಾಕಿ ತೋರಿಸಿ. 2020ರ ಡಿಸೆಂಬರಿನ ಚುನಾವಣೆಯ ನಂತರ ಅಧ್ಯಕ್ಷರ ಅವಧಿ 30 ತಿಂಗಳು. ಅಂದರೆ ಒಂದೇ ಪಂಚಾಯ್ತಿಯಲ್ಲಿ ಎರಡು ಅವಧಿ, ಎರಡು ಮೀಸಲು. ಐದು ವರ್ಷದ ಖರ್ಚನ್ನು ಒಟ್ಟುಗೂಡಿಸಿದರೆ ಯಾರ ಕಾಲದ್ದು ಯಾರದೆಂದು ತಿಳಿಯದು.

ಪ್ರಶ್ನೆ: ಗ್ರಾಮೀಣ ಮಹಿಳಾ ಮತದಾರರ ಸಮೀಕ್ಷೆ ಮಾಡಬೇಕಿದೆ. 400 ಮಂದಿ ಸಾಕು ಎನ್ನುತ್ತಾರೆ. ನಾವು ಮೂವರು ಹೆಣ್ಣುಮಕ್ಕಳೇ ಊರೂರು ತಿರುಗಬೇಕು. ಏನು ಗಮನಿಸಬೇಕು? — ಬಾಗಲಕೋಟೆ

ಶೇ 95ರ ವಿಶ್ವಾಸ ಮಟ್ಟದಲ್ಲಿ ಐದು ಶೇಕಡಾ ಅಂಶ ಆಚೀಚೆ ಎಂಬ ನಿಖರತೆಗೆ 384 ಬೇಕು, ಅದನ್ನೇ 400 ಎನ್ನುತ್ತಾರೆ. ಆದರೆ ಅದು ಜಿಲ್ಲೆಯ ತುಂಬ ಬಿಡಿಬಿಡಿಯಾಗಿ ಆರಿಸಿದಾಗಿನ ಲೆಕ್ಕ. ನೀವು ಊರು ಆರಿಸಿ, ಊರೊಳಗೆ ಮಂದಿ ಆರಿಸುತ್ತೀರಿ. ಒಂದೇ ಊರಿನವರು ಒಂದೇ ತರಹ ಯೋಚಿಸುವಷ್ಟು ಮಟ್ಟಿಗೆ ನಿಮಗೆ ಸಿಗುವ ಹೊಸ ಮಾಹಿತಿ ಕಡಿಮೆ. ಊರಿಗೆ 20 ಮಂದಿ, ಊರೊಳಗಿನ ಸಾಮ್ಯ (ಒಂದೇ ಊರಿನವರ ಉತ್ತರಗಳು ಎಷ್ಟು ಹೋಲುತ್ತವೆ ಎಂಬ ಅಳತೆ) 0.05 ಎಂದಿಟ್ಟುಕೊಂಡರೆ ಹಿಗ್ಗಬೇಕಾದ ಪ್ರಮಾಣ 1 + 19 × 0.05 = 1.95. ಅಂದರೆ 780 ಮಂದಿ, 39 ಊರು. ಊರಿಗೆ ಹತ್ತೇ ಮಂದಿ ಎಂದರೆ 1.45ರಷ್ಟು, 580 ಮಂದಿ ಸಾಕು, ಆದರೆ 58 ಊರು ಸುತ್ತಬೇಕು. ಮೂವರ ತಂಡಕ್ಕೆ ಯಾವುದು ಹಗುರ ಎಂದು ಬಸ್ಸಿನ ವೇಳಾಪಟ್ಟಿ ಮುಂದಿಟ್ಟುಕೊಂಡು ನಿರ್ಧರಿಸಿ.

ಕಾಲ ಆರಿಸುವುದರಲ್ಲಿ ಬಹಳ ಸಮೀಕ್ಷೆಗಳು ಎಡವುತ್ತವೆ. ಕಬ್ಬು ಕಟಾವಿನ ತಿಂಗಳುಗಳಲ್ಲಿ ಕೂಲಿಯ ಹೆಂಗಸರು ಹಗಲು ಹೊತ್ತು ಸಿಗುವುದಿಲ್ಲ. ಗುಳೆ ಹೋದ ಮನೆಗಳಿಗೆ ಬೀಗ. ಜನವರಿಯಲ್ಲಿ ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಜಾತ್ರೆ. ಆಗ ಮನೆಯಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ ನಿಮ್ಮ ಮಾದರಿಯಲ್ಲಿ ಅನುಕೂಲಸ್ಥರೇ ಉಳಿಯುತ್ತಾರೆ. ಮತದಾರರ ಪಟ್ಟಿಯಿಂದ ಹೆಸರು ಆರಿಸಿದ ಮೇಲೆ ಮೂರು ಬಾರಿ, ಅದರಲ್ಲಿ ಒಮ್ಮೆ ಬೆಳಗಿನ ಏಳರೊಳಗೆ, ಹೋಗಿ. ಸಿಗಲಿಲ್ಲವೆಂದು ಪಕ್ಕದ ಮನೆಯವರನ್ನು ಸೇರಿಸಬೇಡಿ. ‘ಸಿಗಲಿಲ್ಲ’ ಎಂದೇ ಬರೆಯಿರಿ, ಕಾರಣದ ಸಮೇತ.

ಸಂಶೋಧಕಿಯರಿಗೆ ಇಲ್ಲಿ ಒಂದು ದೊಡ್ಡ ಬಲವಿದೆ: ಅಡುಗೆಮನೆಯ ಬಾಗಿಲವರೆಗೂ ಪ್ರವೇಶ. ಆದರೂ ಅತ್ತೆಯೋ ಗಂಡನೋ ಪಕ್ಕದಲ್ಲೇ ನಿಂತಿರುತ್ತಾರೆ. ಅವರನ್ನು ಕಳಿಸಲು ಜಗ್ಗಾಡಬೇಡಿ. ಪ್ರಶ್ನಾವಳಿಯ ಪ್ರತಿ ಭಾಗದ ಕೊನೆಗೆ ‘ಬೇರೆಯವರು ಇದ್ದರೇ, ಯಾರು’ ಎಂಬ ಚೌಕ ಇಟ್ಟು ಗುರುತು ಹಾಕಿ. ವಿಶ್ಲೇಷಣೆಯಲ್ಲಿ ಅದೇ ಒಂದು ಚಲಕವಾಗುತ್ತದೆ. ಯಾರಿಗೆ ಮತ ಹಾಕಿದಿರಿ ಎಂಬುದನ್ನು ಬಾಯಲ್ಲಿ ಕೇಳಬೇಡಿ. ಚುನಾವಣಾ ಸಮೀಕ್ಷೆ ನಡೆಸುವ ಲೋಕನೀತಿ-ಸಿಎಸ್‌ಡಿಎಸ್ ತಂಡಗಳು ಮಾಡುವಂತೆ ಅಣಕು ಮತಪತ್ರ ಕೊಟ್ಟು ಮುಚ್ಚಿದ ಪೆಟ್ಟಿಗೆಗೆ ಹಾಕಿಸಿ. ಮೂವರಲ್ಲಿ ಒಬ್ಬರಿಗಾದರೂ ಉರ್ದು ಬರಲಿ. ಬೆಳಗಾವಿ ಗಡಿಗೆ ವಿಸ್ತರಿಸಿದರೆ ಮರಾಠಿಯೂ ಬೇಕು. ಅನುವಾದಿಸಿದ ಪ್ರಶ್ನೆಗಳನ್ನು ಮೂಲ ನೋಡದ ಒಬ್ಬರಿಂದ ಮತ್ತೆ ಕನ್ನಡಕ್ಕೆ ತರಿಸಿ ಹೋಲಿಸಿ.

ಒಬ್ಬೊಬ್ಬರೇ ಓಣಿಗೆ ಹೋಗಬೇಡಿ. ಊರು ತಲುಪಿದ ಕೂಡಲೇ ಪಂಚಾಯ್ತಿಯಲ್ಲಿ ಪತ್ರ ತೋರಿಸಿ, ಆಶಾ ಕಾರ್ಯಕರ್ತೆಗೆ ಪರಿಚಯ ಮಾಡಿಕೊಳ್ಳಿ, ಆದರೆ ಸಂದರ್ಶನಕ್ಕೆ ಅವರನ್ನು ಜೊತೆಗೆ ಕರೆದೊಯ್ಯಬೇಡಿ, ಉತ್ತರಗಳು ಬದಲಾಗುತ್ತವೆ. ಕೊನೆಯ ಬಸ್ಸಿಗಿಂತ ಒಂದು ಬಸ್ಸು ಮೊದಲೇ ಹೊರಡುವುದನ್ನು ನಿಯಮ ಮಾಡಿಕೊಳ್ಳಿ. ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸಿನ ಖರ್ಚು ಉಳಿಯುತ್ತದೆ. ಆ ಉಳಿತಾಯವನ್ನು ಬಸ್ಸಿಲ್ಲದ ಊರುಗಳಿಗೆ ಗೊತ್ತಿರುವ ಆಟೊ ಗೊತ್ತುಮಾಡಲು ಬಜೆಟ್ಟಿನಲ್ಲಿ ತೋರಿಸಿ. ಸುರಕ್ಷತೆಯ ಖರ್ಚನ್ನು ಕೈಯಿಂದ ಹಾಕಬೇಡಿ.

ಪ್ರಶ್ನೆ: ನನ್ನ ಬಳಿ ಮೂವರು ಹೆಣ್ಣುಮಕ್ಕಳು ಸಂಖ್ಯಾತ್ಮಕ ಸಂಶೋಧನೆ ಮಾಡುತ್ತಿದ್ದಾರೆ. ಪ್ರೋತ್ಸಾಹದ ಮಾತು ಆಡುತ್ತಲೇ ಇರುತ್ತೇನೆ. ಮತ್ತೇನು ಮಾಡಬಹುದು? — ಮಾರ್ಗದರ್ಶಕರು, ಬೆಳಗಾವಿ

ಪ್ರೋತ್ಸಾಹ ಬೇಕು, ಆದರೆ ಅವರಿಗೆ ಕೊರತೆಯಿರುವುದು ವೇಳೆ, ಜೊತೆ ಮತ್ತು ಹೆಸರು. ಈ ಮೂರನ್ನೂ ನೀವು ಕೊಡಬಲ್ಲಿರಿ.

ವೇಳೆ: ವಿಭಾಗದ ವಿಚಾರ ಸಂಕಿರಣಕ್ಕೆ ಹಾರ, ಊಟ, ನಿರೂಪಣೆ, ಹಾಜರಿ ಪುಸ್ತಕ ಯಾರ ಪಾಲಿಗೆ ಬೀಳುತ್ತಿದೆ ಎಂದು ಒಂದು ವರ್ಷದ ಪಟ್ಟಿ ಹಾಕಿ ನೋಡಿ. ಹುಡುಗಿಯರ ಪಾಲೇ ದೊಡ್ಡದಿದ್ದರೆ ಸರದಿ ಹಚ್ಚಿ. ಉಳಿದವರ ದತ್ತಾಂಶ ಟೈಪ್ ಮಾಡುವ ಕೆಲಸವನ್ನೂ ಅವರಿಗೆ ಹೊರಿಸಬೇಡಿ.

ಜೊತೆ: ಅಮೆರಿಕದ ರಾಜ್ಯಶಾಸ್ತ್ರದಲ್ಲಿ ವಿಧಾನಶಾಸ್ತ್ರ (ಸಂಶೋಧನಾ ವಿಧಾನಗಳ ಅಧ್ಯಯನ) ಬಹುಕಾಲ ಗಂಡಸರೇ ತುಂಬಿದ್ದ ಕ್ಷೇತ್ರ. ಅಲ್ಲಿನ ಸಂಶೋಧಕಿಯರು ‘ವಿಷನ್ಸ್ ಇನ್ ಮೆಥಡಾಲಜಿ’ ಎಂಬ ಪುಟ್ಟ ಸಭೆ ನಡೆಸುತ್ತ ಬಂದರು. ಕಿರಿಯರ ಲೇಖನಕ್ಕೆ ಹಿರಿಯ ವಿಧಾನ ತಜ್ಞೆಯರಿಂದ ವಿವರವಾದ ಪ್ರತಿಕ್ರಿಯೆ ಸಿಗುವುದೇ ಅದರ ತಿರುಳು. ಅದೇ ಅಳತೆಯಲ್ಲಿ ಇಲ್ಲಿಯೂ ಸಾಧ್ಯ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಸುತ್ತಲಿನ ಕಾಲೇಜುಗಳ ನಾಲ್ಕೈದು ಸಂಶೋಧಕಿಯರು ಹದಿನೈದು ದಿನಕ್ಕೊಮ್ಮೆ ಆನ್‌ಲೈನಿನಲ್ಲಿ ಎರಡು ತಾಸು ಕೂಡಲಿ. ಒಬ್ಬರ ಕೋಡ್ ಮತ್ತು ದತ್ತಾಂಶ ಮೂರು ದಿನ ಮೊದಲೇ ಇನ್ನೊಬ್ಬರ ಕೈಗೆ ಹೋಗಬೇಕು, ಆಕೆ ತನ್ನ ಯಂತ್ರದಲ್ಲಿ ಓಡಿಸಿ ಅದೇ ಕೋಷ್ಟಕ ಬಂತೇ ಎಂದು ಹೇಳಬೇಕು. ಭಾಷಣ ಬೇಡ. ವೇಳೆಯನ್ನು ಸಂಜೆ ಐದರ ನಂತರ ಇಡಬೇಡಿ, ಹಳ್ಳಿಯಿಂದ ಬರುವವರು ಆಗ ಬಸ್ಸಿನಲ್ಲಿರುತ್ತಾರೆ.

ಹೆಸರು: ಮಾಲಿನಿಯಾಕ್, ಪವರ್ಸ್, ವಾಲ್ಟರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ 1980ರಿಂದ 2006ರವರೆಗಿನ ಅಂತರರಾಷ್ಟ್ರೀಯ ಸಂಬಂಧಗಳ ಲೇಖನಗಳನ್ನು ಎಣಿಸಿತು. ವಿಷಯ, ವಿಧಾನ, ಪತ್ರಿಕೆ ಎಲ್ಲ ಸಮನಾಗಿದ್ದರೂ ಮಹಿಳೆಯರ ಲೇಖನಗಳನ್ನು ಉಲ್ಲೇಖಿಸುವುದು ಕಡಿಮೆ. ಮಹಿಳೆಯರು ತಮ್ಮ ಹಿಂದಿನ ಬರಹವನ್ನು ತಾವೇ ಉಲ್ಲೇಖಿಸುವುದೂ ಕಡಿಮೆ. ಅರ್ಥಶಾಸ್ತ್ರದಲ್ಲಿ ಹೆದರ್ ಸಾರ್ಸನ್ಸ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದ್ದು ಇನ್ನೂ ಕಟು: ಗಂಡಸರೊಂದಿಗೆ ಕೂಡಿ ಬರೆದಾಗ ಕೆಲಸದ ಮನ್ನಣೆ ಹೆಣ್ಣಿಗೆ ಕಡಿಮೆ ಸಿಗುತ್ತದೆ. ಆದ್ದರಿಂದ ಪ್ರತಿ ವಿದ್ಯಾರ್ಥಿನಿಗೂ ಒಂದಾದರೂ ಲೇಖನ ಒಬ್ಬಳದೇ ಹೆಸರಿನಲ್ಲಿರಲಿ. ಶಿಫಾರಸು ಪತ್ರದಲ್ಲಿ ‘ವಿನಯವಂತೆ, ಶ್ರಮಜೀವಿ’ ಎಂದು ನಿಲ್ಲಿಸದೆ, ಯಾವ ದತ್ತಾಂಶ ಕಟ್ಟಿದಳು, ಯಾವ ಮಾದರಿ ಬಳಸಿದಳು, ಯಾವ ದೋಷ ತಾನೇ ಹಿಡಿದಳು ಎಂದು ಬರೆಯಿರಿ.

ಪ್ರಶ್ನೆ: ದತ್ತಾಂಶ ಸಂಗ್ರಹ, ವಿಶ್ಲೇಷಣೆ ಎಲ್ಲ ನನ್ನದು. ಲೇಖನದಲ್ಲಿ ನನ್ನ ಹೆಸರು ಮೂರನೆಯದು. ಈಗ ಏನು ಮಾಡಲಿ? — ಹೆಸರು ಬೇಡ, ಬಾಗಲಕೋಟೆ ಜಿಲ್ಲೆ

ಲೇಖನ ಇನ್ನೂ ಅಚ್ಚಾಗಿಲ್ಲದಿದ್ದರೆ ದಾರಿ ಇದೆ. ‘ಕ್ರೆಡಿಟ್’ ಎಂಬ ಪಟ್ಟಿಯಲ್ಲಿ ಲೇಖಕರ ಪಾತ್ರಗಳನ್ನು 14 ಬಗೆಯಾಗಿ ವಿಂಗಡಿಸಿದ್ದಾರೆ: ಪರಿಕಲ್ಪನೆ, ವಿಧಾನ, ಸಾಫ್ಟ್‌ವೇರ್, ವಿಶ್ಲೇಷಣೆ, ಮೊದಲ ಕರಡು ಇತ್ಯಾದಿ. ಯಾವುದನ್ನು ಯಾರು ಮಾಡಿದರು ಎಂದು ತುಂಬಿ, ದಿನಾಂಕವಿರುವ ಕೋಡ್ ಕಡತಗಳ ಸಮೇತ ಸಹಲೇಖಕರೆಲ್ಲರಿಗೂ ಒಂದೇ ಇಮೇಲ್‌ನಲ್ಲಿ ಕಳಿಸಿ, ಹೆಸರಿನ ಕ್ರಮ ಮರುಪರಿಶೀಲಿಸಲು ಕೇಳಿ. ದೂರಿನ ಧಾಟಿ ಬೇಡ, ಪಟ್ಟಿಯೇ ಮಾತಾಡಲಿ. ಒಪ್ಪದಿದ್ದರೆ ವಿಭಾಗದ ಸಂಶೋಧನಾ ಸಲಹಾ ಸಮಿತಿಗೆ ಬರೆಯಬಹುದು. ಅಚ್ಚಾಗಿಬಿಟ್ಟಿದ್ದರೆ ಕ್ರಮ ಬದಲಿಸುವುದು ಕಷ್ಟ. ಆದರೆ ಪಾತ್ರಗಳ ಟಿಪ್ಪಣಿ ಸೇರಿಸುವಂತೆ ಸಂಪಾದಕರನ್ನು ಕೇಳಬಹುದು. ಹೆಸರಿಗೆ ಬದಲಾಗಿ ಅನುಚಿತ ಬೇಡಿಕೆ ಬಂದಿದ್ದರೆ ಅದು ಬೇರೆಯೇ ವಿಷಯ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮದಂತೆ ನಿಮ್ಮ ಸಂಸ್ಥೆಯಲ್ಲಿರಬೇಕಾದ ಆಂತರಿಕ ದೂರು ಸಮಿತಿಗೆ ನೇರವಾಗಿ ಹೋಗಿ.

ಪ್ರಶ್ನೆ: ಮಗಳು ಪಿಎಚ್.ಡಿ. ಅಂತ ಹಗಲೂ ರಾತ್ರಿ ಕಂಪ್ಯೂಟರ್ ಮುಂದ ಕುಂತಿರ್ತಾಳ. ಮುಂದಿನ ವರ್ಷ ಲಗ್ನ ಮಾಡಬೇಕಂತೀವಿ. ಲಗ್ನ ಆದ್ರ ಇದೆಲ್ಲಾ ವ್ಯರ್ಥ ಆಗತೈತೇನು? — ತಂದೆ, ಅಥಣಿ

ವ್ಯರ್ಥ ಆಗದಂತೆ ನಿಯಮಗಳಿವೆ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು, ಹೆಣ್ಣುಮಕ್ಕಳಿಗೆ ಅದರ ಮೇಲೆ ಎರಡು ವರ್ಷದ ಸಡಿಲಿಕೆ. ಒಟ್ಟು ಹತ್ತು ವರ್ಷ ಮೀರಬಾರದು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಇದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪರೀಕ್ಷೆಯ 30ರ ವಯೋಮಿತಿಯಲ್ಲಿ ಮಹಿಳೆಯರಿಗೆ ಐದು ವರ್ಷ ವಿನಾಯಿತಿ. ಪಾಸಾದರೆ ತಿಂಗಳಿಗೆ 37,000 ರೂಪಾಯಿ, 2023ರ ಜನವರಿಯಿಂದ ಜಾರಿಯಾದ ದರದಂತೆ. ಒಡಹುಟ್ಟಿದವರಿಲ್ಲದ ಒಬ್ಬಳೇ ಮಗಳಾಗಿದ್ದರೆ ಸಾವಿತ್ರಿಬಾಯಿ ಫುಲೆ ಹೆಸರಿನ ಯುಜಿಸಿ ಫೆಲೋಶಿಪ್ಪಿಗೂ ಅರ್ಜಿ ಹಾಕಬಹುದು. ಈ ಕೌಶಲಕ್ಕೆ ಕಾಲೇಜಿನ ಆಚೆಗೂ ಕೆಲಸವಿದೆ: ಸಮೀಕ್ಷಾ ಸಂಸ್ಥೆ, ಪತ್ರಿಕೆಗಳ ದತ್ತಾಂಶ ವಿಭಾಗ, ಸರಕಾರಿ ಯೋಜನೆಗಳ ಮೌಲ್ಯಮಾಪನ.

ಲಗ್ನದ ಮಾತುಕತೆಯಲ್ಲೇ ಬೀಗರಿಗೆ ಇಷ್ಟು ಹೇಳಿಬಿಡಿ: ವಾರಕ್ಕೆ ಇಷ್ಟು ತಾಸು ಆಕೆಯ ಓದಿನದು, ಕ್ಷೇತ್ರಕಾರ್ಯಕ್ಕೆ ಹೊರಗೆ ಹೋಗುವುದುಂಟು, ಲ್ಯಾಪ್‌ಟಾಪ್ ಅವಳೊಂದಿಗೆ ಬರುತ್ತದೆ. ಆಮೇಲೆ ಹೇಳೋಣ ಎಂದು ಬಿಟ್ಟ ಮನೆಗಳಲ್ಲಿ ಪ್ರಬಂಧ ನಿಲ್ಲುತ್ತದೆ. ಅಡ್ಡಹೆಸರು ಬದಲಾಗುವುದಿದ್ದರೆ ಅದಕ್ಕೂ ಮೊದಲೇ ಆಕೆ ಓರ್ಕಿಡ್ ಎಂಬ 16 ಅಂಕಿಯ ಸಂಶೋಧಕ ಸಂಖ್ಯೆ ಮಾಡಿಸಿಕೊಳ್ಳಲಿ. ಹಣ ಕೊಡಬೇಕಿಲ್ಲ, ಆನ್‌ಲೈನಿನಲ್ಲಿ ಕೆಲವೇ ನಿಮಿಷದ ಕೆಲಸ. ತವರಿನ ಹೆಸರಿನಲ್ಲಿ ಬರೆದ ಲೇಖನ, ನಂತರದ ಹೆಸರಿನಲ್ಲಿ ಬರೆದದ್ದು, ಎರಡೂ ಒಬ್ಬಳದೇ ಎಂದು ಆ ಸಂಖ್ಯೆಯಿಂದ ಗೊತ್ತಾಗುತ್ತದೆ.